ಉಪ್ಪಿನ ಬದುವಿನ ಮೇಲೆ ಕೂತವಳು

ಹಕ್ಕಿ ನೋಡಲು ಮುನ್ನೂರು ಕಿಲೋಮೀಟರು ಹೋಗುತ್ತಾರೆ ಎಂದರೆ ದಿಬ್ಬೂರಹಳ್ಳಿಯಲ್ಲಿ ಯಾರು ತಾನೇ ನಂಬುತ್ತಾರೆ? ವೆಂಕಟರತ್ನಮ್ಮನೂ ನಂಬಿರಲಿಲ್ಲ. ಸೊಸೆ ಯಾಮಿನಿ ಮದುವೆಯಾಗಿ ಬಂದ ವರ್ಷವೇ ಗಂಡನನ್ನು ಹೊರಡಿಸಿಕೊಂಡು ಆಂಧ್ರದ ಸಮುದ್ರದಂಚಿನ ಪುಲಿಕಾಟ್ ಸರೋವರಕ್ಕೆ ಹೋದಾಗ, ಆ ಕಡೆ ಯಾವುದೋ ದೇವರಿಗೆ ಹರಕೆ ಇತ್ತಂತೆ ಎಂದು ಅಕ್ಕಪಕ್ಕದವರಿಗೆ ಹೇಳಿ ಮಾನ ಉಳಿಸಿಕೊಂಡಿದ್ದಳು. ಇದ್ದದ್ದು ಇದ್ದಹಾಗೆ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಿಪ್ಪುನೇರಳೆ ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ಹಕ್ಕಿ ಕೂಗಿದರೂ ತಲೆಯೆತ್ತದ ಊರು ಅದು.

ಮರುವರ್ಷ ಯಾಮಿನಿ ಅತ್ತೆಯನ್ನೂ ಕಾರು ಹತ್ತಿಸಿದಳು. ಬಲವಂತಕ್ಕೆ ಹೋದ ವೆಂಕಟರತ್ನಮ್ಮ ಸೊಸೆ ಕೊಟ್ಟ ದುರ್ಬೀನಿಗೆ ಕಣ್ಣಿಟ್ಟಳು, ನೋಡಿದಳು, ಆಮೇಲೆ ದುರ್ಬೀನನ್ನು ವಾಪಸು ಕೊಡಲೇ ಇಲ್ಲ. ಅಷ್ಟು ರಾಜಹಂಸಗಳು! ನೀರಿನ ಉದ್ದಕ್ಕೂ ತಿಳಿ ಗುಲಾಬಿ ಬಣ್ಣ, ನಡುವೆ ಒಂದು ರೆಕ್ಕೆ ಬಿಚ್ಚಿದರೆ ಒಳಗೆ ಕುಂಕುಮ. ಅದಾದ ಮೇಲೆ ಪುಳಿಯೋಗರೆ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಆಕೆಯೇ. ಗಂಡ ನರಸಿಂಹಪ್ಪ ಮಾತ್ರ ಒಂದು ಸಲವೂ ಜಗ್ಗಲಿಲ್ಲ. ನಿಮ್ಮ ಹಕ್ಕಿ ನಿಮಗೆ, ನನ್ನ ಹುಳು ನನಗೆ ಎಂದು ರೇಷ್ಮೆಹುಳು ಮನೆಯ ಬಾಗಿಲಲ್ಲೇ ನಿಂತು ಕೈ ಬೀಸುತ್ತಿದ್ದ.

ವರ್ಷಕ್ಕೆ ಮೂರು ಸಲದ ಪ್ರಯಾಣ ಅದು. ಮಳೆ ಮುಗಿಯುವ ಹೊತ್ತಿಗೆ ಒಂದು, ಹೊಸ ನೀರಿಗೆ ಮೊದಲ ಹಿಂಡುಗಳು ಇಳಿಯುವುದನ್ನು ನೋಡಲು. ಸಂಕ್ರಾಂತಿ ಕಳೆದ ಮೇಲೆ ಒಂದು, ಸರೋವರವೆಲ್ಲ ಹಕ್ಕಿಯೇ ಆದಾಗ. ಬೇಸಿಗೆ ರಜಕ್ಕೆ ಇನ್ನೊಂದು, ನೀರು ಹಿಂದೆ ಸರಿದು ನೆಲದ ಮೇಲೆ ಉಪ್ಪು ಬೆಳ್ಳಗೆ ಕೂತಿರುವಾಗ, ಹೋಗದೆ ಉಳಿದ ಹಕ್ಕಿಗಳನ್ನು ಕಳಿಸಿಕೊಟ್ಟು ಬರಲು. ಯಾಮಿನಿ ಹಾಗೇ ಹೇಳುತ್ತಿದ್ದಳು, ಕಳಿಸಿಕೊಟ್ಟು ಬರೋಣ ಎಂದು. ಅವಳೂ ಗಂಡ ರಮೇಶ್‌ಬಾಬುವೂ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಮೇಷ್ಟ್ರುಗಳು, ಅವಳದು ಜೀವಶಾಸ್ತ್ರ, ಅವನದು ಲೆಕ್ಕ.

ಕಾರಿನಲ್ಲಿ ಯಾಮಿನಿಯ ಜಾಗ ಮುಂದಿನ ಸೀಟು. ಮಡಿಲಲ್ಲಿ ದುರ್ಬೀನು, ಕಿಟಕಿಯಾಚೆ ಕಣ್ಣು. ಬೆಲ್ಟ್ ಕಂಡರೆ ಅವಳಿಗಾಗದು. ಹಾಕಿಕೊಳ್ಳದಿದ್ದರೆ ಕಾರು ಟಿಂಗ್ ಟಿಂಗ್ ಎಂದು ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ ಬಿಡಿ ಎಂದು ಅವಳು ಆರಾಮವಾಗಿ ಕೂತಿರುತ್ತಿದ್ದಳು. ಕೊನೆಗೆ ರಮೇಶ್‌ಬಾಬುವೇ ಒಂದು ಕೈ ಚಾಚಿ, ಅವಳ ಮೇಲಿಂದ ಬೆಲ್ಟ್ ಎಳೆದು ಸಿಕ್ಕಿಸಬೇಕಿತ್ತು. ಮದುವೆಯಾಗಿ ಅಷ್ಟು ವರ್ಷವಾದರೂ ಇವಳಿಗೆ ಅದೊಂದು ಮುದ್ದು ಎಂದು ವೆಂಕಟರತ್ನಮ್ಮ ಹಿಂದೆ ಕೂತು ಒಳಗೊಳಗೇ ನಗುತ್ತಿದ್ದಳು.

ಈಗ ಆ ಮನೆಯ ಒಂದು ಪದ್ಧತಿ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದೆ ಆದದ್ದಕ್ಕೆ ನೀವು ವೆಂಕಟರತ್ನಮ್ಮನನ್ನು ಕಲ್ಲು ಮನಸ್ಸಿನವಳು ಎಂದುಬಿಡುತ್ತೀರಿ. ಹಾಗನ್ನುವ ಹಕ್ಕು ಯಾರಿಗೂ ಇಲ್ಲ.

ರೇಷ್ಮೆಹುಳು ದೊಡ್ಡದಾಗುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ. ತಲೆಯೆತ್ತಿ, ಕದಲದೆ, ಸತ್ತೇಹೋಯಿತೇನೋ ಅನ್ನುವ ಹಾಗೆ ಕೂತುಬಿಡುತ್ತದೆ. ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ ಸಾಕುವವರು. ಆ ಹೊತ್ತಿನಲ್ಲಿ ಮುಟ್ಟಿದರೆ, ತಟ್ಟೆ ಅಲುಗಿಸಿದರೆ ಮುಗಿಯಿತು, ಹಳೆಯ ಚರ್ಮದಿಂದ ಅರ್ಧ ಬಂದು ಅರ್ಧ ಬರಲಾಗದೆ ಸಾಯುತ್ತದೆ. ಅದಕ್ಕೇ ಯಾರೂ ಮುಟ್ಟುವಂತಿಲ್ಲ, ಬಾಗಿಲು ಜೋರಾಗಿ ಹಾಕುವಂತಿಲ್ಲ. ಏಳುವಾಗ ಅದೇ ಏಳುತ್ತದೆ, ಎದ್ದ ಮೇಲೆ ಸೊಪ್ಪು. ಹದಿನೇಳಕ್ಕೆ ಮದುವೆಯಾಗಿ ಬಂದ ವೆಂಕಟರತ್ನಮ್ಮನಿಗೆ ಅವಳ ಅತ್ತೆ ಮೊದಲು ಕಲಿಸಿದ್ದು ಅಡುಗೆಯಲ್ಲ, ಇದನ್ನು.

ಹುಳುವಿನ ಪದ್ಧತಿ ಮೆಲ್ಲಗೆ ಮನುಷ್ಯರಿಗೂ ಬಂತು. ಆ ಮನೆಯಲ್ಲಿ ಯಾರಾದರೂ ಮುನಿಸಿಕೊಂಡು ಮೂಲೆ ಹಿಡಿದರೆ ರಮಿಸುವವರಿಲ್ಲ. ಯಾಕೆ, ಏನು ಎಂದು ಕೆದಕುವವರಿಲ್ಲ. ಇರಲಿ ಬಿಡು, ತಾನೇ ಏಳ್ತಾರೆ. ಅರ್ಧ ದಿನ, ಒಂದು ದಿನ. ಆಮೇಲೆ ಮುನಿಸಿಕೊಂಡವರು ತಾವೇ ಎದ್ದು ಬಂದು ತಟ್ಟೆ ಹಾಕಿಕೊಂಡು ಕೂರುತ್ತಿದ್ದರು. ಮಂಚೇನಹಳ್ಳಿಯ ಗದ್ದಲದ ಮನೆಯಿಂದ ಬಂದ ಯಾಮಿನಿಗೆ ಮೊದಮೊದಲು ಇದು ವಿಚಿತ್ರವಾಗಿ ಕಂಡಿತು, ಆಮೇಲೆ ಹಿಡಿಸಿತು. ನಮ್ಮ ಮನೇಲಿ ಅತ್ತರೆ ಹತ್ತು ಜನ ಸುತ್ತಿಕೊಂಡು ಇನ್ನಷ್ಟು ಅಳಿಸ್ತಾರೆ, ಇಲ್ಲಿ ನೆಮ್ಮದಿಯಾಗಿ ಅಳಬಹುದು ಅತ್ತೆ ಎಂದು ನಕ್ಕಿದ್ದಳು.

ಕಳೆದ ವರ್ಷದ ಸಂಕ್ರಾಂತಿಯ ನಂತರದ ಪ್ರಯಾಣದಲ್ಲಿ ದಾರಿಯಲ್ಲೇ ಗಂಡ ಹೆಂಡತಿಗೆ ಸಣ್ಣ ಜಗಳವಾಯಿತು. ನಾಯ್ಡುಪೇಟೆಯ ಹತ್ತಿರ ರಮೇಶ್‌ಬಾಬು ತಿರುವು ತಪ್ಪಿಸಿದ, ಅವಳು ಮೊದಲೇ ಹೇಳಿದ್ದೆ ಎಂದಳು, ಅವನು ನೀನೇ ಓಡಿಸು ಎಂದ. ಇಷ್ಟೇ. ಎರಡು ದಿನದಿಂದ ತಲೆನೋವು ಎನ್ನುತ್ತಿದ್ದ ಯಾಮಿನಿ ಅಲ್ಲಿಂದಾಚೆ ಬಾಯಿ ಬಿಡಲಿಲ್ಲ. ಸೂಳ್ಳೂರುಪೇಟೆ ದಾಟಿ, ಸರೋವರದ ನಡುವೆ ಹಾದ ರಸ್ತೆಯ ಮಗ್ಗುಲಲ್ಲಿ ಕಾರು ನಿಂತಿದ್ದೇ ತಡ, ಇಳಿದು ಸೀದಾ ನೀರಿನ ಕಡೆ ನಡೆದಳು.

ಅಲ್ಲಿ ಹಿಂದೆ ಯಾವ ಕಾಲದಲ್ಲೋ ಉಪ್ಪು ಮಾಡುತ್ತಿದ್ದ ಗದ್ದೆಗಳು. ಈಗ ಗದ್ದೆಯಿಲ್ಲ, ಒಂದು ಮಣ್ಣಿನ ಬದು ಮಾತ್ರ ನೀರೊಳಕ್ಕೆ ಉದ್ದಕ್ಕೆ ಹೋಗಿ ಕೊನೆಯಾಗುತ್ತದೆ. ಕೊನೆಯಲ್ಲಿ ಒಂದು ಕಲ್ಲುಕಂಬ. ಅದು ಯಾಮಿನಿಯ ಜಾಗ. ಕಂಬಕ್ಕೆ ಒರಗಿ ಕೂತರೆ ಹಕ್ಕಿಗಳು ಮೊದಲು ದೂರ ಸರಿದು, ಆಮೇಲೆ ಮೇಯುತ್ತಾ ಮೇಯುತ್ತಾ ಹತ್ತಿರ ಬರುತ್ತಿದ್ದವು. ಬೇರೆ ಯಾರನ್ನೂ ಅಷ್ಟು ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಒಂದು ಹಕ್ಕಿ ನಮ್ಮಿಂದ ಎಷ್ಟು ದೂರ ಬಿಡುತ್ತೆ ಅನ್ನೋದ್ರಲ್ಲೇ ನಮ್ಮ ಮೇಲೆ ಅದಕ್ಕೆಷ್ಟು ನಂಬಿಕೆ ಅಂತ ಗೊತ್ತಾಗುತ್ತೆ ಅತ್ತೆ ಎಂದು ಒಮ್ಮೆ ಹೇಳಿದ್ದಳು.

ಆ ದಿನವೂ ಹಾಗೇ ಕೂತಳು. ವೆಂಕಟರತ್ನಮ್ಮ ಮತ್ತು ಮಗ ರಸ್ತೆಬದಿಯ ಆಂಜಿನಮ್ಮನ ಚಹಾ ಗುಡಿಸಲಿನಲ್ಲಿ ಕೂತರು. ಒಂದು ಚಹಾ ಮುಗಿಯಿತು, ಇನ್ನೊಂದೂ ಮುಗಿಯಿತು. ಯಾಮಿನಿ ಕದಲಲಿಲ್ಲ. ಕಂಬಕ್ಕೆ ತಲೆ ಆನಿಸಿ, ಮುಖ ಮೇಲೆತ್ತಿ ಹಾಗೇ ಇದ್ದಳು. ರಮೇಶ್‌ಬಾಬುವಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದ. ತಪ್ಪು ನನ್ನದೇ, ಹೋಗಿ ಕರ್ಕೊಂಡು ಬರ್ತೀನಮ್ಮ ಎಂದ.

“ಇರಲಿ ಬಿಡಪ್ಪ,” ಎಂದಳು ವೆಂಕಟರತ್ನಮ್ಮ. “ಮುಟ್ಟಬೇಡ. ತಾನೇ ಏಳ್ತಾಳೆ.”

ಅವನು ಕೂತ. ಸೊಸೆಯ ಮೇಲಿನ ಪ್ರೀತಿಗೇ ಆಡಿದ ಮಾತು ಅದು, ಅಮ್ಮನ ಮೇಲಿನ ಪ್ರೀತಿಗೇ ಅವನು ಕೇಳಿದ ಮಾತು. ಬಿಸಿಲು ಇಳಿಯಿತು. ಹಕ್ಕಿಗಳು ಯಾಮಿನಿಯ ತೀರ ಹತ್ತಿರಕ್ಕೆ, ಎಂದೂ ಬಾರದಷ್ಟು ಹತ್ತಿರಕ್ಕೆ ಬಂದವು. ಅದನ್ನು ನೋಡಿ ವೆಂಕಟರತ್ನಮ್ಮ ಖುಷಿಪಟ್ಟಳು. ಅಯ್ಯೋ, ಖುಷಿಪಟ್ಟಳು! ಆ ಖುಷಿಯನ್ನು ಆಕೆ ಇವತ್ತಿಗೂ ತನಗೆ ಕ್ಷಮಿಸಿಲ್ಲ.

ಕತ್ತಲಾಗುವ ಮುಂಚೆ ಹೋಗಿ ಕರೆದರೆ ಯಾಮಿನಿ ಏಳಲಿಲ್ಲ. ಅವಳ ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಯ ಡಾಕ್ಟರು ಕಾರಿನಲ್ಲೇ ನೋಡಿ ಕೈಚೆಲ್ಲಿದರು. ಒಂದು ಗಂಟೆ ಮುಂಚೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಅವರು ತೆಲುಗಿನಲ್ಲಿ ಹೇಳಿದರು. ದಿಬ್ಬೂರಹಳ್ಳಿಯವರಿಗೆ ತೆಲುಗು ಮನೆಯ ಮಾತೇ, ಒಂದಕ್ಷರವೂ ಬಿಡದೆ ಅರ್ಥವಾಯಿತು. ರಮೇಶ್‌ಬಾಬು ಅಮ್ಮನ ಮುಖ ನೋಡಲಿಲ್ಲ. ಬೈಯಲೂ ಇಲ್ಲ. ಅಂದಿನಿಂದ ಮಾತು ನಿಲ್ಲಿಸಿದ.

ಮಾತು ನಿಲ್ಲಿಸಿದ ಎಂದರೆ ಮೂಗನಾದ ಎಂದಲ್ಲ. ಸಾರು ಹಾಕಲೇ ಎಂದರೆ ಹೂಂ ಎನ್ನುವನು. ಸ್ಕೂಲಿಗೆ ಹೋಗುವನು, ಬರುವನು. ಉಳಿದ ಹೊತ್ತೆಲ್ಲ ಯಾಮಿನಿಯ ದುರ್ಬೀನು ಕೈಯಲ್ಲಿಟ್ಟುಕೊಂಡು ಜಗಲಿಯ ಮೇಲೆ. ವೆಂಕಟರತ್ನಮ್ಮನಿಗೆ ಅವನ ತಲೆ ನೇವರಿಸುವ ಆಸೆ. ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಬಿಡೇ, ತಾನೇ ಏಳ್ತಾನೆ ಎಂದ ನರಸಿಂಹಪ್ಪ. ಆಕೆಯೂ ಹಾಗೇ ಅಂದುಕೊಂಡಳು. ಆ ಮನೆಗೆ ಬೇರೆ ಔಷಧ ಗೊತ್ತಿರಲಿಲ್ಲ, ಏನು ಮಾಡಬೇಕಿತ್ತು?

ಆ ಬೇಸಿಗೆ ಯಾರೂ ಪುಲಿಕಾಟ್ ಹೆಸರೆತ್ತಲಿಲ್ಲ. ಮಳೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ರಮೇಶ್‌ಬಾಬು ಕಾರು ತೊಳೆಯುತ್ತಿದ್ದ. ವೆಂಕಟರತ್ನಮ್ಮ ಏನೂ ಕೇಳದೆ ಪುಳಿಯೋಗರೆ ಕಲಸಿದಳು, ಹಿಂದಿನ ಸೀಟಿನಲ್ಲಿ ಕೂತಳು. ಮುಂದಿನ ಸೀಟು ಖಾಲಿ. ದಾರಿಯುದ್ದಕ್ಕೂ ಕಾರು ಒಮ್ಮೆಯೂ ಟಿಂಗ್ ಎನ್ನಲಿಲ್ಲ. ಆ ಸದ್ದಿಲ್ಲದ್ದನ್ನು ಇಬ್ಬರೂ ಕೇಳಿಸಿಕೊಳ್ಳುತ್ತಾ ಹೋದರು.

ಸರೋವರದಲ್ಲಿ ಹೊಸ ನೀರು. ಬದು ಮುಳುಗಿ, ಕಲ್ಲುಕಂಬ ಮಾತ್ರ ಕಾಣುತ್ತಿತ್ತು. ಮೊದಲ ಹಿಂಡು ಬಂದಿಳಿದಿತ್ತು. ರಮೇಶ್‌ಬಾಬು ದಡದಲ್ಲಿ ನಿಂತು ತುಂಬಾ ಹೊತ್ತು ನೋಡಿ, ದುರ್ಬೀನನ್ನು ಅಮ್ಮನಿಗೆ ಕೊಟ್ಟ. ಹಕ್ಕಿಗಳು ಕಂಬದ ಈ ಕಡೆ, ಆ ಕಡೆ, ಹಿಂದೆ ಎಲ್ಲ ಕಡೆ ನೀರಲ್ಲಿ ಕೊಕ್ಕು ಮುಳುಗಿಸಿ ಮೇಯುತ್ತಿದ್ದವು. ಕಂಬದ ಬುಡದ ಸುತ್ತ ಮಾತ್ರ ಒಂದು ದುಂಡನೆಯ ಜಾಗ ಖಾಲಿ. ಮೇಯುತ್ತಾ ಬಂದ ಹಕ್ಕಿ ಅಲ್ಲಿಗೆ ಬಂದರೆ ಕತ್ತು ನಿಗುರಿಸಿ, ಒಂದು ಕ್ಷಣ ನೋಡಿ, ಬಳಸಿಕೊಂಡು ಹೋಗುತ್ತಿತ್ತು.

ಎದುರಿಗೆ ಮನುಷ್ಯರಿದ್ದರೆ ಹಕ್ಕಿ ಹಾಗೆ ಮಾಡುತ್ತದೆ. ವೆಂಕಟರತ್ನಮ್ಮನಿಗೆ ಇದು ಗೊತ್ತಿತ್ತು, ಕಲಿಸಿದವಳೇ ಯಾಮಿನಿ. ಬೇರೆಯವರಿಗಾಗಿದ್ದರೆ ಆ ಖಾಲಿ ಜಾಗ ಇನ್ನೂ ಅಗಲವಿರುತ್ತಿತ್ತು. ಹಕ್ಕಿಗಳು ನಂಬಿದ ಒಬ್ಬರೇ ಒಬ್ಬರಿಗೆ ಬಿಟ್ಟ ದೂರ ಅದು. ಆಕೆ ದುರ್ಬೀನು ಇಳಿಸಿದಳು. ಕೆಳಗೆ ಆಳವಿರಬೇಕು ಕಣಪ್ಪ, ಅದಕ್ಕೇ ನಿಲ್ಲಲ್ಲ ಎಂದಳು. ಅವನು ಹೂಂ ಎಂದ. ಬದುವಿನ ಮೇಲೆ ಮೊಳಕಾಲುದ್ದದ ನೀರೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಸಂಕ್ರಾಂತಿ ಕಳೆದು ಮತ್ತೆ ಹೋದರು. ಅವಳು ಹೋಗಿ ವರ್ಷವಾಗಿತ್ತು. ನೀರು ಇಳಿದು ಬದು ಮೇಲೆ ಬಂದಿತ್ತು. ರಮೇಶ್‌ಬಾಬು ಕಾರಿನಿಂದಿಳಿದವನು ಚಹಾ ಸಹ ಕುಡಿಯದೆ ಬದುವಿನ ಮೇಲೆ ನಡೆದು, ಕಂಬದ ಈಚೆ ಮಗ್ಗುಲಿಗೆ ಕೂತ. ಆಚೆ ಮಗ್ಗುಲು ಬಿಟ್ಟ. ಹಕ್ಕಿಗಳು ಎದ್ದು, ದೂರ ಹೋಗಿ, ಮೆಲ್ಲಗೆ ಮೇಯುತ್ತಾ ಮರಳಿದವು. ಬಸ್ಸಿನಲ್ಲಿ ಸೀಟು ಹಿಡಿದವರಿಗೆ ಜಾಗ ಬಿಡುವ ಹಾಗೆ ಇಬ್ಬರಿಗಾಗುವಷ್ಟು ಜಾಗ ಬಿಟ್ಟು ನಿಂತವು.

ಆಂಜಿನಮ್ಮ ಚಹಾ ಸೋಸುತ್ತಾ ತೆಲುಗಿನಲ್ಲಿ ತನ್ನ ಪಾಡಿಗೆ ಹೇಳಿಕೊಂಡಳು. ವರ್ಷದಿಂದ ಹಕ್ಕಿ ಆ ಕಂಬದ ಹತ್ತಿರ ಸುಳಿಯುವುದಿಲ್ಲವಂತೆ. ಮೀನಿನವರು ಬಲೆ ಒಣಗಿಸಲು ಅಲ್ಲಿ ಹಾಕುತ್ತಿದ್ದರಂತೆ, ಈಗ ಅವರೂ ಬಿಟ್ಟಿದ್ದಾರಂತೆ. ಯಾಕೆ ಎಂದು ವೆಂಕಟರತ್ನಮ್ಮ ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಿದ್ದಳು.

ಸಂಜೆ ಅವನು ಎದ್ದು ಬಂದ. ಆಕೆ ಕೈಮುಗಿದಳು, ಸದ್ಯ ಎದ್ದನಲ್ಲ ಎಂದು. ಕಾರು ಹತ್ತುವ ಮುಂಚೆ ಅಭ್ಯಾಸದಂತೆ ಒಂದು ಸಲ ದುರ್ಬೀನು ಹಿಡಿದು ನೋಡಿದಳು. ಅವನು ಎದ್ದು ಬಂದಾಗಿತ್ತು, ಆದರೆ ಕಂಬದ ಬುಡದ ಜಾಗ ಕಿರಿದಾಗಿರಲಿಲ್ಲ. ಇಬ್ಬರಿಗಾಗುವಷ್ಟೇ ಅಗಲವಾಗಿ ಹಾಗೇ ಇತ್ತು. ವೆಂಕಟರತ್ನಮ್ಮ ದುರ್ಬೀನಿನ ಗಾಜು ಒರೆಸಿ ಮತ್ತೊಮ್ಮೆ ನೋಡಿದಳು. ಹಾಗಾದರೆ ಎದ್ದು ಬಂದವನು ಯಾರು, ಅಲ್ಲಿ ಇನ್ನೂ ಕೂತಿರುವವನು ಯಾರು? ಮುಂದೆ ಕೂತು ಕಾರು ಓಡಿಸುತ್ತಿದ್ದ ಮಗನ ಹಿಂದಲೆಯನ್ನು ಚಿಂತಾಮಣಿ ಬರುವವರೆಗೂ ರೆಪ್ಪೆ ಬಡಿಯದೆ ನೋಡುತ್ತಾ ಬಂದಳು.

ಅಲ್ಲಿಂದಾಚೆ ಅವನು ದಿನದಿನಕ್ಕೆ ಕಡಿಮೆಯಾದ. ತಟ್ಟೆಯಲ್ಲಿ ಮುದ್ದೆ ಉಳಿಯತೊಡಗಿತು. ಹೆಡ್‌ಮಾಸ್ಟರು ಫೋನ್ ಮಾಡಿ, ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಅರ್ಧ ಬರೆದು ಕಿಟಕಿ ಕಡೆ ತಿರುಗಿ ನಿಂತುಬಿಡ್ತಾರಮ್ಮ, ಮಕ್ಕಳಿಗೆ ಹೆದರಿಕೆ ಆಗ್ತದೆ ಎಂದರು. ಎರಡು ಬೆಳೆ ಹುಳು ಬಂದು ಗೂಡಾಗಿ ಹೋದವು. ಪ್ರತಿ ಸಲ ಹುಳು ಜ್ವರಕ್ಕೆ ಕೂತಾಗಲೂ ವೆಂಕಟರತ್ನಮ್ಮ ಹುಳುಮನೆಯ ಬಾಗಿಲಲ್ಲಿ ನಿಂತು, ತಲೆಯೆತ್ತಿ ಕೂತ ಆ ಸಾವಿರ ಸಾವಿರ ಜೀವಗಳನ್ನು ನೋಡಿ ಹೆದರುತ್ತಿದ್ದಳು. ಇವುಗಳಲ್ಲಿ ಯಾವುದು ಏಳುತ್ತದೆ, ಯಾವುದು ಏಳುವುದಿಲ್ಲ? ಅಷ್ಟು ವರ್ಷ ಸಾಕಿದವಳಿಗೆ ಅದು ಒಮ್ಮೆಯೂ ಗೊತ್ತಾಗಿರಲಿಲ್ಲ. ಏಳದವನ್ನು ಮಾರನೇ ದಿನ ಆರಿಸಿ ಹೊರಗೆ ಹಾಕಿದ್ದಳು, ಅಷ್ಟೇ.

ಬೇಸಿಗೆ ರಜ ಬಂತು. ಹೋಗೋದು ಬೇಡಪ್ಪ ಎಂದು ಹೇಳಬೇಕೆಂದುಕೊಂಡಳು. ಅವನು ಒಬ್ಬನೇ ಹೋದರೆ? ಆ ಯೋಚನೆ ಬಂದದ್ದೇ ಬುತ್ತಿ ಕಟ್ಟಿದಳು.

ಪುಲಿಕಾಟ್ ಒಣಗಿತ್ತು. ನೀರು ದೂರ ದೂರಕ್ಕೆ ಸರಿದು, ಬಿರಿದ ನೆಲದ ಮೇಲೆ ಉಪ್ಪು ಕಣ್ಣು ಕುಕ್ಕುತ್ತಿತ್ತು. ಕಂಬದಾಚೆ ಸ್ವಲ್ಪ ತೆಳುನೀರು ಉಳಿದಿತ್ತು, ಅದರಲ್ಲಿ ಹೋಗದೆ ಉಳಿದ ಕೊನೆಯ ಹಿಂಡು. ಬದುವಿನ ಎರಡೂ ಕಡೆ ಕೆಸರಲ್ಲಿ ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಅಲ್ಲಲ್ಲಿ ಕೂತಿದ್ದವು. ರಮೇಶ್‌ಬಾಬು ಟೋಪಿಯಿಲ್ಲದೆ, ನೀರಿನ ಬಾಟಲಿಯಿಲ್ಲದೆ ನಡೆದು ಹೋಗಿ ಕಂಬದ ಈಚೆ ಮಗ್ಗುಲಿಗೆ ಕೂತ. ಕಂಬಕ್ಕೆ ತಲೆ ಆನಿಸಿದ. ಮುಖ ಮೇಲೆತ್ತಿದ.

ವೆಂಕಟರತ್ನಮ್ಮ ಗುಡಿಸಲಿನ ನೆರಳಲ್ಲಿ ಕೂತು ನೋಡಿದಳು. ಬಿಸಿಲು ನೆತ್ತಿಗೆ ಬಂತು. ಅವನು ಕದಲಲಿಲ್ಲ. ಹಕ್ಕಿಗಳು ಮೇಯುತ್ತಾ ಹತ್ತಿರ ಬಂದವು, ಇನ್ನೂ ಹತ್ತಿರ ಬಂದವು. ಆಂಜಿನಮ್ಮ ಒಲೆ ಬಿಟ್ಟು ಎದ್ದು ಬಂದು ಹಣೆಗೆ ಕೈ ಅಡ್ಡ ಹಿಡಿದಳು. ಈ ಬಿಸಿಲಲ್ಲಿ ದನ ಸಹ ಕೂರುವುದಿಲ್ಲ, ಆ ಬಾಬುವನ್ನು ಕರೆಯಮ್ಮ ಎಂದಳು.

“ಇರಲಿ ಬಿಡು,” ಎಂದಿತು ವೆಂಕಟರತ್ನಮ್ಮನ ಬಾಯಿ. “ತಾನೇ—”

ಮಾತು ಅಲ್ಲೇ ನಿಂತಿತು. ಅದೇ ಗುಡಿಸಲು, ಅದೇ ಬೆಂಚು, ಅದೇ ಮಾತು. ತನ್ನ ಬಾಯನ್ನು ತಾನೇ ಹೊಡೆದುಕೊಳ್ಳಬೇಕೆನಿಸಿತು. ಎದ್ದಳು. ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ಬದುವಿನ ಮೇಲೆ ನಡೆದಳು. ಉಪ್ಪು ಕಾದು ಅಂಗಾಲು ಸುಡುತ್ತಿತ್ತು. ಮೆಟ್ಟುಗಾಲುಗಳು ಆಕೆಯ ಎರಡೂ ಮಗ್ಗುಲಲ್ಲಿ ಜೋಡಿಜೋಡಿಯಾಗಿ ಎದ್ದು, ಕೂಗಿ, ಆಕೆ ದಾಟಿದ ಮೇಲೆ ಮತ್ತೆ ಕೂತವು.

ಹತ್ತಿರ ಹೋದಾಗ ಕಾಲು ನಿಂತಿತು. ಮಗನ ಕಣ್ಣು ಅರೆ ತೆರೆದಿತ್ತು. ತುಟಿ ಬಿರಿದಿತ್ತು. ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ. ಕೈ ಚಾಚಿದಳು. ಕೈ ಅರ್ಧ ದಾರಿಯಲ್ಲಿ ನಿಂತಿತು. ಮದುವೆಯಾಗಿ ಬಂದಂದಿನಿಂದ ಮುಟ್ಟಬಾರದು ಎಂದು ಕಲಿತ ಕೈ ಅದು, ಒಂದೇ ಗಳಿಗೆಯಲ್ಲಿ ಬೇರೆ ಕಲಿಯುವುದಾದರೂ ಹೇಗೆ? ಮುಟ್ಟಿದರೆ ಅರ್ಧಕ್ಕೆ ಸಿಕ್ಕಿಕೊಂಡು ಸತ್ತಾನು ಎನ್ನಿಸಿತು. ಆಗ ಕಂಬದ ಆಚೆ ಮಗ್ಗುಲಿನ ಖಾಲಿ ನೆಲ ಕಣ್ಣಿಗೆ ಬಿತ್ತು. ಅಲ್ಲಿ ಸತ್ತವಳನ್ನು ಯಾರೂ ಮುಟ್ಟಿರಲಿಲ್ಲ.

ವೆಂಕಟರತ್ನಮ್ಮ ಮಗನ ಭುಜ ಹಿಡಿದು ಅಲುಗಿಸಿದಳು. ಎರಡೂ ಕೈಯಲ್ಲಿ ಹಿಡಿದು ಜಾಡಿಸಿದಳು. ಕೆನ್ನೆಗೆ ಹೊಡೆದಳು, ಚಿಕ್ಕವನಿದ್ದಾಗಲೂ ಹೊಡೆಯದಿದ್ದವಳು. ಮೈ ಕೆಂಡವಾಗಿತ್ತು. ಏಳು, ಏಳೋ ಎಂದು ಕಿರುಚಿದ್ದಕ್ಕೆ ಕೊನೆಯ ಹಿಂಡೆಲ್ಲ ಒಮ್ಮೆಗೇ ಎದ್ದು ಆಕಾಶ ಕೆಂಪಾಯಿತು. ರಮೇಶ್‌ಬಾಬುವಿನ ಕಣ್ಣು ಕದಲಿತು. ಅಮ್ಮನನ್ನು ನೋಡಿದ. ವರ್ಷದ ಮೇಲೆ ಮೊದಲ ಸಲ ಅಮ್ಮನ ಮುಖವನ್ನು ನೆಟ್ಟಗೆ ನೋಡಿದ.

“ಇಷ್ಟೇ ಸಾಕಾಗಿತ್ತಮ್ಮ,” ಎಂದ. “ಅವಳಿಗೂ.”

ಆಕೆ ಅಲ್ಲೇ ಅವನ ಪಕ್ಕ ಕೂತಳು. ಇಲ್ಲ ಎನ್ನಲಿಲ್ಲ, ನನಗೇನು ಗೊತ್ತಿತ್ತು ಎನ್ನಲಿಲ್ಲ. ಅವನ ತಲೆಯನ್ನು ಎದೆಗೆ ಅವುಚಿಕೊಂಡು, “ಹೌದಪ್ಪ. ಇಷ್ಟೇ ಸಾಕಾಗಿತ್ತು. ನಾನೇ ಬೇಡ ಅಂದೆ,” ಎಂದಳು. ಅವನು ಅತ್ತ. ಅವಳನ್ನು ಮಣ್ಣು ಮಾಡಿದ ದಿನ ಅಳದವನು ಈಗ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಆಕೆ ಅವನ ತಲೆ ನೇವರಿಸಿದಳು, ಬೆನ್ನು ಸವರಿದಳು, ಸೆರಗಿನಿಂದ ಮುಖ ಒರೆಸಿದಳು. ಒಂದೂ ಕಾಲು ವರ್ಷ ಹಿಡಿದಿಟ್ಟಿದ್ದನ್ನೆಲ್ಲ ಆ ಬಿಸಿಲಲ್ಲಿ ಕೂತು ಮಾಡಿದಳು.

ಅವನು ಕಂಬ ಹಿಡಿದು ಎದ್ದು ನಿಂತ ಮೇಲೆ ವೆಂಕಟರತ್ನಮ್ಮ ಒಬ್ಬಳೇ ಕಂಬದ ಆಚೆ ಮಗ್ಗುಲಿಗೆ ಹೋದಳು. ಬಗ್ಗಿ ನೆಲ ಮುಟ್ಟಿದಳು. ಬದುವೆಲ್ಲ ಹೆಂಚಿನಂತೆ ಕಾದಿದ್ದರೂ ಅಲ್ಲಿ ಅಂಗೈ ಅಗಲ ನೆಲ ತಣ್ಣಗಿತ್ತು. ಆಕೆಗೆ ಹೆದರಿಕೆಯಾಗಲಿಲ್ಲ. ನಾಚಿಕೆಯಾಯಿತು. ಬೆಳಗಾಗೆದ್ದು ಪುಳಿಯೋಗರೆ ಕಟ್ಟಿಕೊಂಡು ಎರಡು ಸಲ ಬಂದು, ಎರಡು ಸಲವೂ ದೂರದಿಂದ ದುರ್ಬೀನು ಹಿಡಿದು ನೋಡಿ ಹೋದೆನಲ್ಲ ಎಂದು. ಈ ಮಗು ಇಲ್ಲಿ ಕಾದು ಕೂತಿತ್ತಲ್ಲ, ಯಾರಾದರೂ ಬಂದು ಮುಟ್ಟಲಿ ಎಂದು.

“ಏಳಮ್ಮ ಯಾಮಿನಿ,” ಎಂದಳು ಮೆಲ್ಲಗೆ, ಬೆಳಗಿನ ಕಾಫಿಗೆ ಎಬ್ಬಿಸುವ ದನಿಯಲ್ಲಿ. “ಹೊತ್ತಾಯ್ತು. ಮನೆಗೆ ಹೋಗಣ.”

ಮಗನ ತೋಳು ಹಿಡಿದು ಬದುವಿನ ಮೇಲೆ ನಡೆಸಿಕೊಂಡು ಹೊರಟಳು. ಮೆಟ್ಟುಗಾಲುಗಳು ಇವರ ಎರಡೂ ಮಗ್ಗುಲಲ್ಲಿ ಎದ್ದವು, ಇವರು ದಾಟಿದ ಮೇಲೆ ಕೂತವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಮತ್ತೆ ಅದೇ ಕೂಗು, ಅದೇ ರೆಕ್ಕೆ ಬಡಿತ. ಕೂತ ಹಕ್ಕಿಗಳು ಜೋಡಿಜೋಡಿಯಾಗಿ ಮತ್ತೊಮ್ಮೆ ಎದ್ದು ಮತ್ತೊಮ್ಮೆ ಕೂರುತ್ತಿದ್ದವು. ಆ ಸದ್ದು ಇವರ ನಡಿಗೆಯದೇ ವೇಗದಲ್ಲಿ ಹಿಂದೆ ಬರುತ್ತಿತ್ತು. ರಮೇಶ್‌ಬಾಬು ತಿರುಗಲು ಹೋದ. ವೆಂಕಟರತ್ನಮ್ಮ ತೋಳು ಬಿಗಿ ಹಿಡಿದಳು. ಬರಲಿ, ನಿಧಾನಕ್ಕೆ ಬರಲಿ, ಅಷ್ಟು ದಿನ ಕೂತ ಕಾಲು ಎಂದು ಪಿಸುಗುಟ್ಟಿದಳು.

ಗುಡಿಸಲಿನಲ್ಲಿ ಆಂಜಿನಮ್ಮ ಮಜ್ಜಿಗೆ ಕೊಟ್ಟಳು, ನೆತ್ತಿಗೆ ಒದ್ದೆ ಟವೆಲ್ ಹಾಕಿದಳು. ಬಿಸಿಲು ಇಳಿಯುವವರೆಗೆ ಮಲಗಿಸಿದಳು. ಅಷ್ಟು ಹೊತ್ತೂ ಇವರಿಬ್ಬರನ್ನು ಬಿಟ್ಟು ಬಾಗಿಲ ಕಡೆಗೇ ನೋಡುತ್ತಿದ್ದಳು. ಹೊರಡುವಾಗ ವೆಂಕಟರತ್ನಮ್ಮ ಒಮ್ಮೆ ಹಿಂತಿರುಗಿ ನೋಡಿದಳು. ಕೊನೆಯ ಹಿಂಡು ಮರಳಿ ಇಳಿದಿತ್ತು. ಕಲ್ಲುಕಂಬದ ಬುಡದಲ್ಲಿ, ತಣ್ಣಗಿದ್ದ ಆ ನೆಲದ ಮೇಲೆಯೇ, ಒಂದು ಮೆಟ್ಟುಗಾಲು ಒಂಟಿಕಾಲಲ್ಲಿ ನಿಂತು ನಿದ್ದೆ ಮಾಡುತ್ತಿತ್ತು.

ಆಕೆ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತು ಬುತ್ತಿಯ ಚೀಲವನ್ನೂ ದುರ್ಬೀನನ್ನೂ ಮಡಿಲಲ್ಲಿಟ್ಟುಕೊಂಡಳು. ರಮೇಶ್‌ಬಾಬು ಡ್ರೈವರ್ ಬಾಗಿಲಿಗೆ ಹೋಗುವ ಮುಂಚೆ ಕಾರನ್ನು ಬಳಸಿ ಬಂದು ಎಡಗಡೆಯ ಮುಂದಿನ ಬಾಗಿಲು ತೆರೆದ. ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಮೆಲ್ಲಗೆ, ಹುಳುಮನೆಯ ಬಾಗಿಲು ಹಾಕುವಷ್ಟು ಮೆಲ್ಲಗೆ ಹಾಕಿದ. ಆಮೇಲೆ ಬಂದು ತಾನು ಕೂತು, ಬೆಲ್ಟ್ ಹಾಕಿಕೊಂಡು, ಕಾರು ಸ್ಟಾರ್ಟ್ ಮಾಡಿದ.

ಟಿಂಗ್ ಟಿಂಗ್ ಎಂದಿತು ಕಾರು. ಟಿಂಗ್ ಟಿಂಗ್, ಟಿಂಗ್ ಟಿಂಗ್.

ಮುಂದಿನ ಸೀಟಿನ ಮೇಲೆ ಏನೂ ಇರಲಿಲ್ಲ. ತಾಯಿ ಮಗ ಇಬ್ಬರೂ ಆ ಸದ್ದನ್ನು ಕೇಳಿಸಿಕೊಂಡರು. ಅವಳು ಎಂದಾದರೂ ತಾನಾಗಿ ಹಾಕಿಕೊಂಡವಳೇ? ರಮೇಶ್‌ಬಾಬು ಒಂದು ಕೈ ಚಾಚಿ, ಖಾಲಿ ಸೀಟಿನ ಮೇಲಿಂದ, ಯಾರ ಮೈಗೂ ಒತ್ತದ ಹಾಗೆ ಸಡಿಲವಾಗಿ ಬೆಲ್ಟ್ ಎಳೆದು ತಂದು ಸಿಕ್ಕಿಸಿದ. ಸದ್ದು ನಿಂತಿತು.

“ಹೊರಡಪ್ಪ,” ಎಂದಳು ವೆಂಕಟರತ್ನಮ್ಮ. “ಎಲ್ಲರೂ ಹತ್ತಿದ್ದಾಯ್ತು.”